ಲೆಗೊ ರೈಲು ಏರು ಹತ್ತುತ್ತಿಲ್ಲ, ಕರೆಂಟಿನ ಹಳಿ ಹಾಕಲೇ?

ಪ್ರಶ್ನೆ: ಸರ್, ನಾವು ಹುಬ್ಬಳ್ಳಿಯವರು. ಮಹಡಿಯ ಕೋಣೆಯಲ್ಲಿ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಾಕಿ ಮಗಳ ಜೊತೆ ಲೆಗೊ (ಪ್ಲಾಸ್ಟಿಕ್ ಬ್ರಿಕ್ ಜೋಡಿಸುವ ಆಟಿಕೆ) ರೈಲು ಕಟ್ಟಿದ್ದೇನೆ. ಬ್ಲೂಟೂತ್ ರಿಮೋಟಿನ ಸೆಟ್, ಒಂದೇ ಮೋಟಾರು. ಸೆಟ್ಟಿನ ಬೋಗಿಗಳ ಜೊತೆ ನಾವೇ ಕಟ್ಟಿದ ಎರಡು ನೀಲಿ ಐಸಿಎಫ್ (ಚೆನ್ನೈ ಕಾರ್ಖಾನೆಯ ಹಳೆಯ ಮಾದರಿ) ಬೋಗಿ ಇವೆ. 48 ಸ್ಟಡ್ (ಬ್ರಿಕ್ಕಿನ ಮೇಲಿನ ಉಬ್ಬು) ಉದ್ದ, 8 ಸ್ಟಡ್ ಅಗಲ. ಉದ್ದದ ಬದಿಯಲ್ಲಿ ನದಿ ಮಾಡಿ, ಅದರ ಮೇಲೆ ಆರು ಬ್ರಿಕ್ ಎತ್ತರದ ಸೇತುವೆ ಹಾಕಿದ್ದೇವೆ. ಒಂದೊಂದು ಹಳಿಗೆ ಒಂದೊಂದು ಬ್ರಿಕ್ ಏರಿಸಿದ್ದೇವೆ. ಅರ್ಧ ಏರಿನಲ್ಲಿ ರೈಲು ನಿಂತು ಚಕ್ರ ಸುಮ್ನೆ ಸುತ್ತುತ್ತದೆ. ತಿರುವಿನಲ್ಲಿ ನೀಲಿ ಬೋಗಿ ಹಳಿ ಬಿಡುತ್ತದೆ. ಸೆಲ್ಲೂ ಬೇಗ ಖಾಲಿ. ಹಳೆಯ 9 ವೋಲ್ಟಿನ, ಹಳಿಯಲ್ಲೇ ಕರೆಂಟ್ ಹರಿಯುವ ಪದ್ಧತಿಗೆ ಹೋದರೆ ಸರಿಹೋಗುತ್ತದಾ? ಇನ್ನೊಂದು ವಿಷಯ, ಮಗಳಿಗೆ ನಮ್ಮೂರಿನ ಉದ್ದದ ಪ್ಲಾಟ್‌ಫಾರ್ಮನ್ನೂ ಕಟ್ಟಬೇಕಂತೆ.

ಉತ್ತರ: ಬೇಡ. ಸದ್ಯಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ನೀವು ಕೊಟ್ಟ ಅಳತೆಗಳನ್ನು ಕಾಗದದ ಮೇಲೆ ಬರೆದು ನೋಡಿದೆ. ಚಕ್ರ ಸುತ್ತುತ್ತಿದೆ ಅಂದಮೇಲೆ ಮೋಟಾರಿಗೆ ಶಕ್ತಿ ಇದೆ, ಅಲ್ವಾ? ಹಿಡಿತ ಇಲ್ಲ, ಅಷ್ಟೇ. ಏರಿನಲ್ಲಿ ನಿಲ್ಲುವುದು, ಬೋಗಿ ಬೀಳುವುದು, ಸೆಲ್ಲು ಮುಗಿಯುವುದು, ಮೂರಕ್ಕೂ ಕಾರಣ ನೀವು ಹಳಿ ಹಾಕಿರುವ ರೀತಿ.

ಇದನ್ನು ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ವರ್ಷಗಳ ಹಿಂದೆ ನನ್ನ ರೈಲೂ ಹೀಗೇ ಏರಿನಲ್ಲಿ ನಿಲ್ಲುತ್ತಿತ್ತು. ನೀವು ಈಗ ಯೋಚಿಸುತ್ತಿರುವುದನ್ನೇ ನಾನೂ ಯೋಚಿಸಿ, ಹೊರದೇಶದ ಒಬ್ಬ ಮಾರಾಟಗಾರರಿಂದ ಹಳೆಯ 9 ವೋಲ್ಟಿನ ಹಳಿ, ಮೋಟಾರು, ಸ್ಪೀಡ್ ಕಂಟ್ರೋಲರ್ ಎಲ್ಲ ತರಿಸಿದೆ. ಹಳಿಗಳು ಕಪ್ಪಾಗಿ ಬಂದವು. ಎರಡು ದಿನ ಕೂತು ಒರೆಸಿ, ಜೋಡಿಸಿ, ಅದೇ ಏರಿನ ಮೇಲೆ ರೈಲು ಬಿಟ್ಟೆ. ಮತ್ತೆ ಅದೇ ಜಾಗದಲ್ಲಿ ನಿಂತಿತು. ಮೊದಲಿಗಿಂತ ಜಾಸ್ತಿಯೇ ಜಾರುತ್ತಿತ್ತು, ಯಾಕೆಂದರೆ ಎಂಜಿನ್ನಿನಲ್ಲಿ ಸೆಲ್ಲಿನ ಡಬ್ಬಿ ಇರಲಿಲ್ಲ, ಮೋಟಾರಿನ ಚಕ್ರದ ಮೇಲೆ ಭಾರವೇ ಬೀಳುತ್ತಿರಲಿಲ್ಲ. ಅಷ್ಟು ದುಡ್ಡು ಹೋದಮೇಲೆ ಸ್ಕೇಲ್ ಹಿಡಿದು ಹಳಿ ಅಳೆದೆ. ನೀವು ಮೊದಲೇ ಅಳೆಯಿರಿ.

ಏರಿನಿಂದಲೇ ಶುರು ಮಾಡೋಣ. ಒಂದು ನೇರ ಹಳಿ 16 ಸ್ಟಡ್ ಉದ್ದ, ಅಂದರೆ 128 ಮಿ.ಮೀ. ಒಂದು ಬ್ರಿಕ್ಕಿನ ಎತ್ತರ 9.6 ಮಿ.ಮೀ. ಹಳಿಗೊಂದು ಬ್ರಿಕ್ ಏರಿಸಿದರೆ ನೂರಕ್ಕೆ ಏಳೂವರೆ ಏರು. ನಿಜವಾದ ರೈಲು ದಾರಿಯಲ್ಲಿ ಇಷ್ಟು ಏರನ್ನು ಹಲ್ಲುಪಟ್ಟಿ ಇಲ್ಲದೆ ಹತ್ತಿಸುವುದು ತುಂಬಾ ಅಪರೂಪ. ಒಂದು ಕೆ.ಜಿ. ತೂಕದ ರೈಲು ಅಂತ ಇಟ್ಟುಕೊಳ್ಳಿ. ಆ ಏರಿನಲ್ಲಿ ಅದು 75 ಗ್ರಾಂ ಭಾರದಷ್ಟು ಹಿಂದಕ್ಕೆ ಜಗ್ಗುತ್ತದೆ, ಮಟ್ಟದ ಹಳಿಯಲ್ಲಿ ಇರುವ ಉಜ್ಜಾಟ ಬೇರೆ. ಇಷ್ಟನ್ನೂ ತಡೆದು ಎಳೆಯಬೇಕಾದದ್ದು ಮೋಟಾರಿನ ಚಕ್ರಕ್ಕೆ ಸುತ್ತಿರುವ ಸಣ್ಣ ರಬ್ಬರ್ ಬಳೆಗಳು, ಅದೂ ನುಣ್ಣನೆ ಪ್ಲಾಸ್ಟಿಕ್ಕಿನ ಮೇಲೆ. ಅದೇ ನೀವು ಹಳಿಗೊಂದು ಪ್ಲೇಟ್ (ತೆಳು ಬ್ರಿಕ್), ಅಂದರೆ 3.2 ಮಿ.ಮೀ. ಮಾತ್ರ ಏರಿಸಿದರೆ ನೂರಕ್ಕೆ ಎರಡೂವರೆ ಆಗುತ್ತದೆ, ಜಗ್ಗುವುದು 25 ಗ್ರಾಂ. ಇದನ್ನು ನಿಮ್ಮ ಮೋಟಾರು ಆರಾಮಾಗಿ ಎಳೆಯುತ್ತದೆ.

ಹಾಗಿದ್ದರೆ ಪ್ಲೇಟಿನ ಲೆಕ್ಕದಲ್ಲೇ ಸೇತುವೆ ಏರಿಸುತ್ತೇನೆ ಅನ್ನಬಹುದು. ಜಾಗ ಸಾಲುವುದಿಲ್ಲ. ಸೆಟ್ಟಿನ ಜೊತೆ ಬರುವ ಬಾಗಿದ ಹಳಿಗೆ ನಾವು ಆರ್ 40 ಅನ್ನುತ್ತೇವೆ, ವೃತ್ತದ ನಡುವಿನಿಂದ ಹಳಿಯ ಮಧ್ಯಕ್ಕೆ 40 ಸ್ಟಡ್, 320 ಮಿ.ಮೀ. ಹದಿನಾರು ಸೇರಿಸಿದರೆ ಒಂದು ವೃತ್ತ, ಹೊರ ಅಂಚಿನಿಂದ ಹೊರ ಅಂಚಿಗೆ 704 ಮಿ.ಮೀ. ನಿಮ್ಮ ಹಲಗೆ 2440 ಮಿ.ಮೀ. ಉದ್ದ. ಎರಡು ತುದಿಯ ತಿರುವಿಗೆ 704 ಕಳೆದರೆ ಉದ್ದದ ಬದಿಯಲ್ಲಿ 13 ನೇರ ಹಳಿ ಹಿಡಿಯುತ್ತವೆ. ಆರು ಏರಲು, ಆರು ಇಳಿಯಲು, ಒಂದು ಮಧ್ಯದಲ್ಲಿ. ನೀವು ಮಾಡಿರುವುದೂ ಬಹುಶಃ ಇದೇ. ಹಳಿಗೊಂದು ಪ್ಲೇಟಿನಂತೆ ಏರಿಸಿದರೆ ಆರು ಹಳಿಯಲ್ಲಿ ಆರು ಪ್ಲೇಟ್, ಬರೀ ಎರಡು ಬ್ರಿಕ್ಕಿನ ಎತ್ತರ. ಒಂದು ರೈಲಿನ ಮೇಲೆ ಇನ್ನೊಂದು ರೈಲು ದಾಟಿಸುವ ಆಸೆಯಂತೂ ಈ ಹಲಗೆಯಲ್ಲಿ ಬೇಡ. ಅದಕ್ಕೆ ಕಡಿಮೆ ಅಂದರೂ 11 ಬ್ರಿಕ್ ಎತ್ತರ ಬೇಕು, ಅಂದರೆ 33 ಪ್ಲೇಟ್, 33 ಹಳಿ, ಏರಲಿಕ್ಕೇ 4 ಮೀಟರಿಗಿಂತ ಜಾಸ್ತಿ.

ಇದಕ್ಕೆ ಮಾದರಿ ರೈಲು ಕಟ್ಟುವವರು ತುಂಬಾ ಹಿಂದಿನಿಂದ ಮಾಡುತ್ತಿರುವ ಉಪಾಯ ಒಂದಿದೆ. ಹಳಿ ಏರಿಸಬೇಡಿ, ನದಿ ಇಳಿಸಿ. ಹಳಿ ಇಡೀ ಸುತ್ತು ಮಟ್ಟವಾಗಿರಲಿ. ಸೇತುವೆ ಬರುವ ಜಾಗದಲ್ಲಿ ಬಡಗಿಯ ಹತ್ತಿರ ಪ್ಲೈವುಡ್ಡನ್ನು ಒಂದು ಅಡಿ ಅಗಲಕ್ಕೆ ಕೊಯ್ಯಿಸಿ, ಕೆಳಗೆ ನಾಲ್ಕು ಇಂಚು ತಗ್ಗಿನಲ್ಲಿ ಇನ್ನೊಂದು ತುಂಡು ಕೂರಿಸಿ, ಅದರ ಮೇಲೆ ನೀಲಿ ಪ್ಲೇಟ್ ಹಾಸಿ. ನಾಲ್ಕು ಇಂಚು ಅಂದರೆ ಹತ್ತು ಬ್ರಿಕ್ಕಿಗಿಂತ ಸ್ವಲ್ಪ ಜಾಸ್ತಿ, ಈಗಿನ ನಿಮ್ಮ ಸೇತುವೆಗಿಂತ ಎತ್ತರ. ನೆಲದ ಮೇಲೆ ಕೂತು ನೋಡುವ ಮಗುವಿಗೆ ರೈಲು ಕಣಿವೆ ದಾಟುತ್ತಿರುವ ಹಾಗೆ ಕಾಣುತ್ತದೆ, ಮೋಟಾರಿಗೆ ಅಲ್ಲಿ ಕಣಿವೆ ಇರುವುದೇ ಗೊತ್ತಾಗುವುದಿಲ್ಲ. ಹಲಗೆ ಕತ್ತರಿಸಲು ಮನಸ್ಸಿಲ್ಲದಿದ್ದರೆ ಇಡೀ ಹಲಗೆಯ ಮೇಲೆ ದಪ್ಪ ಥರ್ಮಾಕೋಲ್ ಹಾಸಿ, ನದಿಯ ಜಾಗದಲ್ಲಿ ಮಾತ್ರ ಬಿಡಿ. ಕಡಿದಾದ ಏರಿನಿಂದ ಇನ್ನೊಂದು ತೊಂದರೆಯೂ ಇತ್ತು. ಏರು ಶುರುವಾಗುವ ಮತ್ತು ಮುಗಿಯುವ ಜಾಗದಲ್ಲಿ ಎರಡು ಬೋಗಿಗಳ ಮ್ಯಾಗ್ನೆಟ್ ಒಂದು ಮೇಲೆ ಒಂದು ಕೆಳಗೆ ಆಗಿ ಬಿಟ್ಟುಹೋಗುತ್ತವೆ. ಹಳಿ ಮಟ್ಟವಾದರೆ ಅದೂ ತಪ್ಪುತ್ತದೆ.

ಇನ್ನು ನೀಲಿ ಬೋಗಿ. ಈ ಭಾಗದ ಬಗ್ಗೆ ಬರೆಯಲು ನನಗೆ ತುಂಬಾ ಇಷ್ಟ, ಸ್ವಲ್ಪ ಉದ್ದವಾದರೆ ಬೇಜಾರಾಗಬೇಡಿ.

ಲೆಗೊ ಹಳಿಯ ಅಗಲ ಎರಡು ಕಂಬಿಗಳ ಒಳ ಅಂಚಿನಿಂದ ಒಳ ಅಂಚಿಗೆ ಹಿಡಿದರೆ 37.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಭಾಗಿಸಿದರೆ ಹತ್ತಿರ ಹತ್ತಿರ 45. ಯುರೋಪಿನ 1435 ಮಿ.ಮೀ. ಗೇಜಿಗೆ ಇದೇ ಲೆಕ್ಕ 38 ಬರುತ್ತದೆ. ಅಂದರೆ ಅವರು ತಮ್ಮ ರೈಲು ಕಟ್ಟಬೇಕಾದರೆ ಹಳಿಗೆ ತಕ್ಕಂತೆ ದೊಡ್ಡದಾಗಿ ಕಟ್ಟಬೇಕು, ನಮ್ಮ ರೈಲನ್ನು ಅದಕ್ಕಿಂತ ಸ್ವಲ್ಪ ಸಣ್ಣದಾಗಿ ಕಟ್ಟಿದರೂ ಹಳಿಗೆ ಸರಿಯಾಗಿ ಕೂರುತ್ತದೆ. ಇದು ನಮಗೆ ಸಿಕ್ಕಿರುವ ಅನುಕೂಲ. ಐಸಿಎಫ್ ಬೋಗಿಯ ಅಗಲ 3245 ಮಿ.ಮೀ., 45ರಿಂದ ಭಾಗಿಸಿದರೆ 72, ಸರಿಯಾಗಿ 9 ಸ್ಟಡ್. ಉದ್ದ 21,337 ಮಿ.ಮೀ., ಅಂದರೆ 59 ಸ್ಟಡ್. ನೀವು 8 ಅಗಲ, 48 ಉದ್ದಕ್ಕೆ ಇಳಿಸಿದ್ದೀರಿ. ಕಣ್ಣಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಆರ್ 40 ತಿರುವಿಗೆ ಅದೂ ಉದ್ದ.

ಯಾಕೆ ಅಂತ ಹೇಳುತ್ತೇನೆ. ಮಾತಿನಲ್ಲಿ ನಾವು ಇಡೀ ಡಬ್ಬಿಗೆ ಬೋಗಿ ಅನ್ನುತ್ತೇವೆ, ಕೆಳಗಿನ ನಾಲ್ಕು ಚಕ್ರದ ಗಾಡಿಗೆ ನಮ್ಮ ರೈಲ್ವೆಯವರು ಟ್ರಾಲಿ ಅನ್ನುತ್ತಾರೆ. ಗೊಂದಲ ಬೇಡ ಅಂತ ನಾನೂ ಹಾಗೇ ಬರೆಯುತ್ತೇನೆ. ಎರಡು ಟ್ರಾಲಿಗಳು ತಿರುವಿನ ಮೇಲೆ ಇರುತ್ತವೆ, ಅವುಗಳ ನಡುವಿನ ಡಬ್ಬಿ ಮಾತ್ರ ನೇರ. ಹಾಗಾಗಿ ಡಬ್ಬಿಯ ಹೊಟ್ಟೆ ತಿರುವಿನ ಒಳಗೆ ಸರಿಯುತ್ತದೆ, ಎರಡು ತುದಿ ಹೊರಗೆ ಚಾಚುತ್ತವೆ. ಎಷ್ಟು ಅಂತ ಲೆಕ್ಕ ಹಾಕುವುದು ಸುಲಭ. ಟ್ರಾಲಿ ತಿರುಗುವ ಪಿನ್ನಿನಿಂದ ಇನ್ನೊಂದು ಟ್ರಾಲಿಯ ಪಿನ್ನಿಗೆ ಇರುವ ದೂರವನ್ನು ಅದರಿಂದಲೇ ಗುಣಿಸಿ, ತಿರುವಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ. ನಿಮ್ಮ ಬೋಗಿಯಲ್ಲಿ ಪಿನ್ನುಗಳು 36 ಸ್ಟಡ್ ದೂರ ಇವೆ ಅಂತ ಊಹಿಸುತ್ತೇನೆ. 36 ಇಂಟು 36, 1296. ಅದನ್ನು 320ರಿಂದ ಭಾಗಿಸಿದರೆ 4 ಸ್ಟಡ್. ಹೊಟ್ಟೆ 32 ಮಿ.ಮೀ. ಒಳಗೆ ಸರಿಯಿತು. ತುದಿಗಳು ಮೂರು ಸ್ಟಡ್‌ನಷ್ಟು ಹೊರಗೆ ಹೋದವು. ಪಕ್ಕದಲ್ಲಿರುವ ಸೆಟ್ಟಿನ ಗಿಡ್ಡ ಬೋಗಿ ಇಷ್ಟು ಹೊರಗೆ ಹೋಗುವುದಿಲ್ಲ. ಎರಡರ ಮಧ್ಯೆ ಮ್ಯಾಗ್ನೆಟ್ ಕೊಂಡಿ ಅಡ್ಡಡ್ಡ ಎಳೆದಾಡುತ್ತದೆ, ಹಗುರವಾದ ಟ್ರಾಲಿ ಎದ್ದು ಹಳಿ ಬಿಡುತ್ತದೆ.

ಹಾಗಾಗಿ ಮೊದಲು ನೋಡಬೇಕಾದದ್ದು ಮ್ಯಾಗ್ನೆಟ್ ಎಲ್ಲಿದೆ ಅನ್ನುವುದನ್ನು. ಡಬ್ಬಿಯ ತುದಿಗೆ ಅಂಟಿಸಿದ್ದರೆ ಈಗಲೇ ಕಿತ್ತು ಟ್ರಾಲಿಗೆ ಹಾಕಿ. ಟ್ರಾಲಿ ಯಾವಾಗಲೂ ಹಳಿಯ ಮೇಲೇ ಇರುತ್ತದೆ, ಅದರ ಜೊತೆ ಕೊಂಡಿಯೂ ತಿರುಗುತ್ತದೆ. ನಿಮ್ಮ ಅರ್ಧ ತೊಂದರೆ ಇಲ್ಲೇ ಮುಗಿಯಬಹುದು. ಆಮೇಲೂ ಬಿದ್ದರೆ ಪಿನ್ನುಗಳ ದೂರ ಕಡಿಮೆ ಮಾಡಿ. ಸೆಟ್ಟಿನ ತಿರುವಿನಲ್ಲೇ ಇರಬೇಕು ಅಂದರೆ 34, 36 ಸ್ಟಡ್ ಉದ್ದದ ಡಬ್ಬಿ, ಪಿನ್ನುಗಳ ನಡುವೆ 22 ಸ್ಟಡ್. ಆಗ ಹೊಟ್ಟೆ ಒಂದೂವರೆ ಸ್ಟಡ್ ಮಾತ್ರ ಸರಿಯುತ್ತದೆ. ಕಿಟಕಿಗಳ ಸಂಖ್ಯೆ ಕಡಿಮೆ ಮಾಡಿ, ಬಾಗಿಲು ಎರಡು ತುದಿಯಲ್ಲಿ ಹಾಗೇ ಉಳಿಸಿಕೊಳ್ಳಿ. ಬಣ್ಣ ಮತ್ತು ಕಿಟಕಿಯ ಸರಳು ಸರಿ ಇದ್ದರೆ ನೋಡಿದವರು ಐಸಿಎಫ್ ಅಂತ ತಕ್ಷಣ ಗುರುತು ಹಿಡಿಯುತ್ತಾರೆ, ಕಿಟಕಿ ಎಣಿಸುವುದಿಲ್ಲ.

ಇನ್ನೊಂದು ದಾರಿ ದೊಡ್ಡ ತಿರುವು. ಲೆಗೊ ಕಂಪನಿ ರಿಮೋಟಿನ ಸೆಟ್ಟುಗಳಲ್ಲಿ ಕೊಡುವುದು ಆರ್ 40. ಆದರೆ ಅಮೆರಿಕದ ಬ್ರಿಕ್‌ಟ್ರ್ಯಾಕ್ಸ್, ಪೋಲೆಂಡಿನ ಟ್ರಿಕ್ಸ್‌ಬ್ರಿಕ್ಸ್, ಕೆನಡಾದ ಎಫ್‌ಎಕ್ಸ್ ಬ್ರಿಕ್ಸ್ ಥರದವರು ಆರ್ 56, ಆರ್ 72, ಆರ್ 104 ಅಂತ ದೊಡ್ಡ ತಿರುವಿನ ಹಳಿ ಮಾಡುತ್ತಾರೆ. ಪಕ್ಕಪಕ್ಕದ ಎರಡು ರೈಲು ದಾರಿಗಳ ಮಧ್ಯದಿಂದ ಮಧ್ಯಕ್ಕೆ 16 ಸ್ಟಡ್ ಅಂತರ ಇಡುವ ರೂಢಿ ಇರುವುದರಿಂದ 40ರ ಹೊರಗೆ 56 ಸರಿಯಾಗಿ ಕೂರುತ್ತದೆ. ಆರ್ 56 ವೃತ್ತಕ್ಕೆ 960 ಮಿ.ಮೀ. ಬೇಕು, ನಿಮ್ಮ 1220 ಮಿ.ಮೀ. ಅಗಲದ ಹಲಗೆಯಲ್ಲಿ ಧಾರಾಳವಾಗಿ ಹಿಡಿಯುತ್ತದೆ. ಆರ್ 72 ಹಾಕಿದರೆ 1216 ಮಿ.ಮೀ., ಅಂಚಿಗೆ ಅಂಚು, ರೈಲು ಬಿದ್ದರೆ ನೇರ ನೆಲಕ್ಕೆ. ಅದು ಬೇಡ. ಮುಂದೆ ಯಾವಾಗಲಾದರೂ ದುಡ್ಡು ಹಾಕುವುದಿದ್ದರೆ ಆರ್ 56ಕ್ಕೆ ಹಾಕಿ, ಒಳಗೆ ಸೆಟ್ಟಿನ ರೈಲು, ಹೊರಗೆ ನೀಲಿ ರೈಲು, ಎರಡೂ ಒಟ್ಟಿಗೆ ಓಡಲಿ. ತರಿಸುವ ಮೊದಲು ಸುಂಕ ಕೂಡಿಸಿ ನೋಡಿ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಸಾಗಣೆ ಖರ್ಚು ಬೇರೆ.

ದೊಡ್ಡ ತಿರುವಿನಿಂದ ಸೆಲ್ಲಿಗೂ ಲಾಭ ಇದೆ, ಇದು ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಎಡ ಬಲ ಚಕ್ರಗಳು ಒಂದೇ ಅಚ್ಚಿಗೆ ಕೂತು ಹೆಚ್ಚು ಕಡಿಮೆ ಒಟ್ಟಿಗೇ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಹಳಿ ಉದ್ದ, ಒಳಗಿನದು ಗಿಡ್ಡ. ಒಂದು ಚಕ್ರ ಜಾರಲೇಬೇಕು. ಆರ್ 40ರಲ್ಲಿ ಹೊರಗಿನ ಹಳಿ ಒಳಗಿನದಕ್ಕಿಂತ ನೂರಕ್ಕೆ 12ರಷ್ಟು ಉದ್ದ. ಆರ್ 104ರಲ್ಲಿ 5ಕ್ಕಿಂತ ಕಡಿಮೆ. ಈ ಜಾರಾಟ, ಜೊತೆಗೆ ಚಕ್ರದ ಅಂಚು ಹಳಿಗೆ ಒತ್ತಿ ಉಜ್ಜುವುದು, ಎಲ್ಲವೂ ನಿಮ್ಮ ಸೆಲ್ಲಿನಿಂದಲೇ ಹೋಗಬೇಕು. ಎಡಕ್ಕೆ ತಿರುಗಿದ ಹಳಿಯ ಬೆನ್ನಿಗೇ ಬಲಕ್ಕೆ ತಿರುಗುವ ಹಳಿ ಜೋಡಿಸಿದ್ದರೆ ಮಧ್ಯೆ ಒಂದು ನೇರ ಹಳಿ ಹಾಕಿ, ಉದ್ದ ಬೋಗಿಗೆ ಎರಡು. ಕವಲು ಹಳಿಯನ್ನು ಏರಿನಲ್ಲಿ ಎಂದೂ ಇಡಬೇಡಿ.

ಈಗ ಸೆಲ್ಲಿಗೆ ಬರೋಣ. ನಿಮ್ಮ ಹಬ್ಬಿನಲ್ಲಿ, ಅಂದರೆ ರಿಮೋಟಿನ ಮಾತು ಕೇಳುವ ಸೆಲ್ಲಿನ ಡಬ್ಬಿಯಲ್ಲಿ, ಆರು ಎಎಎ ಸೆಲ್ಲು ಕೂರುತ್ತವೆ. ಹೊಸ ಆಲ್ಕಲೈನ್ ಆದರೆ ಒಂದಕ್ಕೆ 1.5ರಂತೆ 9 ವೋಲ್ಟ್. ಚಾರ್ಜ್ ಮಾಡುವ ನಿಕೆಲ್ ಮೆಟಲ್ ಹೈಡ್ರೈಡ್ ಆದರೆ 1.2ರಂತೆ 7.2 ವೋಲ್ಟ್. ವೇಗ ಸ್ವಲ್ಪ ಕಡಿಮೆ, ಆದರೆ ನೂರಾರು ಸಲ ಚಾರ್ಜ್ ಮಾಡಬಹುದು. ಮನೆಯಲ್ಲಿ ದಿನಾ ಓಡಿಸುವವರಿಗೆ ನಾನು ಇದನ್ನೇ ಹೇಳುವುದು. ಆರಾರು ಸೆಲ್ಲಿನ ಎರಡು ಸೆಟ್ ಇಟ್ಟುಕೊಳ್ಳಿ, ಒಂದು ಓಡುವಾಗ ಇನ್ನೊಂದು ಚಾರ್ಜಿಗೆ. ಹಳೆಯದು ಹೊಸದು ಬೆರೆಸಬೇಡಿ, ಬೇರೆ ಬೇರೆ ಕಂಪನಿಯದನ್ನೂ ಬೆರೆಸಬೇಡಿ, ಆರರಲ್ಲಿ ಒಂದು ಸೋತರೆ ಇಡೀ ರೈಲು ಸೋಲುತ್ತದೆ. ಸೆಲ್ಲಿನ ಡಬ್ಬಿ ಎಂಜಿನ್ನಿನಲ್ಲಿ ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಆರು ಸೆಲ್ಲಿನ ತೂಕ ಸುಮಾರು 70 ಗ್ರಾಂ. ಅದು ಮೋಟಾರಿನ ನೇರ ಮೇಲೆ ಬರಬೇಕು, ಇನ್ನೊಂದು ತುದಿಯ ಮೋಟಾರಿಲ್ಲದ ಚಕ್ರಗಳ ಮೇಲೆ ಕೂತರೆ ಆ ಭಾರ ಹಿಡಿತಕ್ಕೆ ಬರುವುದಿಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ, ಮಗಳ ಕೈಯಲ್ಲೇ ಮಾಡಿಸಿ. ನಾಲ್ಕು ನೇರ ಹಳಿ ಜೋಡಿಸಿ ಒಂದು ತುದಿಯ ಕೆಳಗೆ ಪುಸ್ತಕ ಇಡಿ, ಇನ್ನೊಂದು ತುದಿಗೆ ಮಟ್ಟದ ಹಳಿ ಮುಂದುವರಿಸಿ. ಬೋಗಿಗಳನ್ನು ಒಂದೊಂದಾಗಿ ಮೇಲಿನಿಂದ ಬಿಡಿ, ಎಲ್ಲಿ ನಿಂತಿತು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಯಾವುದು ಬೇಗ ನಿಲ್ಲುತ್ತದೋ ಅದರ ಅಚ್ಚು ಬಿಚ್ಚಿ ನೋಡಿ. ಕೂದಲು, ಚಾಪೆಯ ನಾರು, ಧೂಳು ಸುತ್ತಿಕೊಂಡಿರುತ್ತದೆ. ಚಿಮುಟದಲ್ಲಿ ತೆಗೆಯಿರಿ. ಎಣ್ಣೆ ಹಾಕಬೇಡಿ, ಹಳಿಗೆ ತಗುಲಿದರೆ ಮೋಟಾರಿನ ರಬ್ಬರ್ ಇನ್ನೂ ಜಾರುತ್ತದೆ. ಆ ರಬ್ಬರ್ ಬಳೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಇಷ್ಟೆಲ್ಲ ಆದಮೇಲೂ ರೈಲು ಉದ್ದ ಮಾಡಬೇಕು ಅಂದರೆ ಎರಡನೇ ಮೋಟಾರು ಹಾಕಿ. ಹಬ್ಬಿನಲ್ಲಿ ಎರಡು ಪೋರ್ಟ್ ಇವೆ. ಎರಡು ಮೋಟಾರನ್ನೂ ಒಂದೇ ದಿಕ್ಕಿಗೆ ಕೂರಿಸಿ, ಇಲ್ಲದಿದ್ದರೆ ಒಂದನ್ನೊಂದು ಎಳೆದಾಡುತ್ತವೆ. ರಿಮೋಟಿನ ಒಂದು ಬದಿಯ ಗುಂಡಿಗಳು ಒಂದು ಮೋಟಾರಿಗೆ, ಇನ್ನೊಂದು ಬದಿಯವು ಇನ್ನೊಂದಕ್ಕೆ, ಹಾಗಾಗಿ ಎರಡನ್ನೂ ಒಟ್ಟಿಗೆ ಒತ್ತಬೇಕು. ಅದು ಕಿರಿಕಿರಿ ಅನಿಸಿದರೆ ಪೈಬ್ರಿಕ್ಸ್ ಅನ್ನುವ ಉಚಿತ ತಂತ್ರಾಂಶ ಇದೆ. ಹಬ್ಬಿಗೆ ಹಾಕಿ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದರೆ ಒಂದೇ ಗುಂಡಿಗೆ ಎರಡೂ ಓಡುತ್ತವೆ. ಬೇಡವಾದರೆ ಹಳೆಯದಕ್ಕೆ ವಾಪಸ್ ಹೋಗಬಹುದು.

9 ವೋಲ್ಟಿನ ಬಗ್ಗೆ ಕೇಳಿದಿರಿ, ಪೂರ್ತಿ ಹೇಳಿಬಿಡುತ್ತೇನೆ. ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿರುವ ಲೆಗೊ ಕಂಪನಿ 1966ರಲ್ಲಿ ರೈಲು ಶುರು ಮಾಡಿದಾಗ ನೀಲಿ ಪ್ಲಾಸ್ಟಿಕ್ ಹಳಿ, 4.5 ವೋಲ್ಟಿನ ಬ್ಯಾಟರಿ. ಆಮೇಲೆ 12 ವೋಲ್ಟ್ ಬಂತು, ಅದರಲ್ಲಿ ಎರಡು ಹಳಿಯ ಮಧ್ಯೆ ಕರೆಂಟಿಗೆ ಬೇರೆ ಪಟ್ಟಿ. 1991ರಲ್ಲಿ ಬಂದದ್ದೇ 9 ವೋಲ್ಟ್. ಓಡುವ ಹಳಿಗೇ ಲೋಹದ ಹೊದಿಕೆ, ಮೋಟಾರು ಚಕ್ರದಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. 2006ರಲ್ಲಿ ಮತ್ತೆ ಪ್ಲಾಸ್ಟಿಕ್ ಹಳಿ, ಬ್ಯಾಟರಿ. ನಿಮ್ಮ ಬಳಿ ಇರುವ ಬ್ಲೂಟೂತ್ ಪದ್ಧತಿ 2018ರದು. 9 ವೋಲ್ಟನ್ನು ಇವತ್ತಿಗೂ ಜನ ಪ್ರೀತಿಸುವುದು ಸುಮ್ನೆ ಅಲ್ಲ. ಸೆಲ್ಲು ಬದಲಿಸುವ ಗೋಜಿಲ್ಲ, ಪ್ರದರ್ಶನದಲ್ಲಿ ಬೆಳಗಿನಿಂದ ಸಂಜೆವರೆಗೆ ಓಡುತ್ತದೆ, ಸಣ್ಣ ಎಂಜಿನ್ನಿನಲ್ಲಿ ಸೆಲ್ಲಿನ ಡಬ್ಬಿಗೆ ಜಾಗ ಹುಡುಕಬೇಕಿಲ್ಲ.

ಆದರೆ ಅದರ ಕಟ್ಟುಪಾಡುಗಳು ಬೇರೆ. ಒಂದು ಸುತ್ತಿನ ಮೇಲೆ ಎರಡು ರೈಲು ಇಟ್ಟರೆ ಎರಡೂ ಒಟ್ಟಿಗೇ ಓಡುತ್ತವೆ, ಒಟ್ಟಿಗೇ ನಿಲ್ಲುತ್ತವೆ. ಹಳಿಯ ಪ್ರತಿ ಕೂಡಿನಲ್ಲೂ ಸ್ವಲ್ಪ ವೋಲ್ಟೇಜ್ ಬೀಳುತ್ತದೆ, ಉದ್ದ ಸುತ್ತಿನಲ್ಲಿ ದೂರದ ತುದಿಗೆ ಹೋದಾಗ ರೈಲು ನಿಧಾನವಾಗುತ್ತದೆ, ಅಲ್ಲೂ ಒಂದು ಕಡೆ ತಂತಿ ಕೊಡಬೇಕು, ಒಳಹಳಿ ಹೊರಹಳಿ ಅದಲು ಬದಲಾಗದಂತೆ. ಹೋದ ರೈಲು ಸುತ್ತು ಹಾಕಿ ಅದೇ ಹಳಿಗೆ ವಾಪಸ್ ಬರುವಂಥ ಕುಣಿಕೆ ಹಾಕಿದರೆ ಎಡ ಹಳಿ ಹೋಗಿ ಬಲ ಹಳಿಗೆ ಕೂಡುತ್ತದೆ, ಅಂದರೆ ನೇರ ಶಾರ್ಟ್. ಬ್ಯಾಟರಿ ರೈಲಿಗೆ ಈ ಕುಣಿಕೆ ಏನೂ ತೊಂದರೆ ಅಲ್ಲ. ಹಳಿ ಕಪ್ಪಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಬೇಕು, ಉಜ್ಜು ಕಾಗದ ಬೇಡ, ಗೀರು ಬಿದ್ದ ಜಾಗದಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಮನೆಯಲ್ಲಿರುವ ಯಾವುದೋ 12 ವೋಲ್ಟಿನ ಅಡಾಪ್ಟರಿನ ತಂತಿ ಸುಲಿದು ಹಳಿಗೆ ಕೊಡುವ ಪ್ರಯೋಗ ಮಾತ್ರ ಮಾಡಬೇಡಿ, ಮಗು ಹತ್ತಿರ ಇರುವಾಗ ಅಂತೂ ಖಂಡಿತ ಬೇಡ. ನಿಮ್ಮ ಬ್ಲೂಟೂತ್ ಮೋಟಾರು ಹಳಿಯಿಂದ ಕರೆಂಟ್ ತೆಗೆದುಕೊಳ್ಳುವುದೂ ಇಲ್ಲ, ಮೋಟಾರಿನಿಂದ ಹಿಡಿದು ಎಲ್ಲ ಹೊಸದಾಗಿ ಬೇಕು. ಒಂದು ಹಲಗೆ, ಒಂದು ಮಗು, ಸಂಜೆ ಒಂದು ಗಂಟೆಯ ಆಟಕ್ಕೆ ಅದು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕೊನೆಗೆ ಪ್ಲಾಟ್‌ಫಾರ್ಮ್. ನಿಮ್ಮೂರಿನದು 1507 ಮೀಟರ್. 45ರಿಂದ ಭಾಗಿಸಿದರೆ 33.5 ಮೀಟರ್, 262 ನೇರ ಹಳಿಯಷ್ಟು ಉದ್ದ. ಈ ಲೆಕ್ಕವನ್ನು ಮಗಳ ಹತ್ತಿರವೇ ಹಾಕಿಸಿ, ಟೇಪು ಹಿಡಿದು ಬೀದಿಯಲ್ಲಿ ಅಳೆಸಿ, ಎಷ್ಟು ಮನೆ ದಾಟಿ ಹೋಗುತ್ತದೆ ಅಂತ ಅವಳೇ ನೋಡಲಿ. ಹಲಗೆಯ ಮೇಲೆ ಸೇತುವೆ ಇಲ್ಲದ ಉದ್ದ ಬದಿಯಲ್ಲಿ ಒಂದು ಮೀಟರಿನಷ್ಟು ಕಟ್ಟಿ. ಅಂಚು ಹಳಿಯ ಮಧ್ಯದಿಂದ 5 ಸ್ಟಡ್ ದೂರ ಇರಲಿ, 8 ಅಗಲದ ಬೋಗಿಗೆ ಒಂದು ಸ್ಟಡ್ ಸಂದು ಉಳಿಯುತ್ತದೆ. ತಿರುವಿನವರೆಗೂ ಎಳೆದುಕೊಂಡು ಹೋಗಬೇಡಿ. ಮುಂದಿನ ಟ್ರಾಲಿ ತಿರುವಿಗೆ ಇಳಿದ ಕೂಡಲೇ ನೇರ ಹಳಿಯ ಮೇಲಿನ ಡಬ್ಬಿಯೂ ಸೊಟ್ಟ ಆಗುತ್ತದೆ, ಹಾಗಾಗಿ ಎರಡು ತುದಿಯಲ್ಲೂ ಅರ್ಧ ಬೋಗಿಯಷ್ಟು ಜಾಗ ಬಿಡಿ. ಅಂಗಡಿ, ಬೆಂಚು, ಕಂಬ ಎಲ್ಲ ಇಡುವ ಮೊದಲು ಉದ್ದದ ಬೋಗಿಯ ಹೊಟ್ಟೆಗೆ ಒಂದು ಪೆನ್ಸಿಲ್, ತುದಿಗೆ ಒಂದು ಪೆನ್ಸಿಲ್ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಕೆಳಗೆ ಕಾಗದ ಹಾಸಿ, ಕೈಯಿಂದ ನಿಧಾನಕ್ಕೆ ಒಂದು ಸುತ್ತು ತಳ್ಳಿ. ಪೆನ್ಸಿಲ್ ಎಳೆದ ಗೆರೆಯ ಒಳಗೆ ಏನನ್ನೂ ಇಡಬೇಡಿ, ಪ್ರಯಾಣಿಕರನ್ನೂ ನಿಲ್ಲಿಸಬೇಡಿ.

ಮೊದಲು ಏರು ತೆಗೆದು, ಮ್ಯಾಗ್ನೆಟ್ ಟ್ರಾಲಿಗೆ ಹಾಕಿ ಒಂದು ವಾರ ಓಡಿಸಿ. ಆಮೇಲೂ ಬೋಗಿ ಬಿದ್ದರೆ ಪಿನ್ನಿನಿಂದ ಪಿನ್ನಿಗೆ ಎಷ್ಟು ಸ್ಟಡ್ ಇದೆ, ಯಾವ ಹಳಿಯ ಕೂಡಿನಲ್ಲಿ ಬೀಳುತ್ತದೆ, ಎರಡನ್ನೂ ಬರೆದು ಕಳಿಸಿ.